ಒಂಬತ್ತರ ವರ್ಗ

ವೆಟ್ ಗ್ರೈಂಡರಿನ ಗರಗರ ಸದ್ದು, ಅದರ ಮೇಲೆ ಸೊಸೆಯ ದನಿ: "ಅಕರಾಚಾ ವರ್ಗ ಏಕಶೇ ಏಕವೀಸ, ಬಾರಾಚಾ ವರ್ಗ ಏಕಶೇ ಚವ್ವೇಚಾಳೀಸ..." ಹನ್ನೊಂದರ ವರ್ಗ ನೂರ ಇಪ್ಪತ್ತೊಂದು, ಹನ್ನೆರಡರದು ನೂರ ನಲವತ್ತನಾಲ್ಕು. ನೆರೂಳದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆ ವರ್ಷ ಬೆಳಗಾಗುತ್ತಿದ್ದುದೇ ಹೀಗೆ. ಅವಳ ಹೆತ್ತವರು ಕುಂದಾಪುರದ ಕಡೆಯವರು, ಅವಳು ಮಾತ್ರ ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಮಾತು ಕನ್ನಡ, ಲೆಕ್ಕ ಮರಾಠಿ. ನಾನೋ ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ರೂಲರಿಗೆ ಹೆದರಿ ಇಂಗ್ಲಿಷಿನಲ್ಲಿ ಲೆಕ್ಕ ಕಲಿತವಳು, ಠಾಣೆಯ ಒಂದು ಆಫೀಸಿನ ಅಕೌಂಟ್ಸ್ ಸೆಕ್ಷನ್ನಿನಿಂದ ರಿಟೈರ್ ಆದವಳು. ಯಾವ ಶಾಲೆಯಲ್ಲೂ ಕಲಿಸಿದವಳಲ್ಲ.

ಮಗ ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಬರೀ ಜಾಂಡೀಸ್ ಎಂದುಕೊಂಡಿದ್ದೆವು. ಅವನ ತಂದೆ ಮೊದಲೇ ಹೋಗಿದ್ದರು, ಅವನಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಒಂದು ದಿನ ಕಾಫಿ ಲೋಟ ನನ್ನ ಮುಂದಿಟ್ಟು ಅವಳೇ ಅಂದಳು, "ಅತ್ತೆ, ನಾನು ಬ್ಯಾಂಕ್ ಎಕ್ಸಾಂ ಕೊಡ್ತೇನೆ. ಹೀಗೇ ಎಷ್ಟು ದಿನ ಕೂತಿರುದು? ಆದರೆ ಮ್ಯಾಥ್ಸ್ ಮೇರೆ ಸೆ ನಹೀ ಹೋಗಾ. ನೀವೇ ಕಲಿಸ್ಬೇಕು."

ಮೊದಲ ದಿನ ಒಂಬತ್ತರ ಸ್ಕ್ವೇರ್ ಎಷ್ಟು ಎಂದು ಕೇಳಿದೆ. "ಹದಿನೆಂಟು" ಅಂದಳು.

"ಅದು ಡಬಲ್ ಮಾರಾಯ್ತಿ, ಸ್ಕ್ವೇರ್ ಅಲ್ಲ."

ಎರಡಕ್ಕೂ ಏನು ವ್ಯತ್ಯಾಸ ಎಂದು ಅವಳಿಗೆ ತಿಳಿಯದು. ಕಾಗದದಲ್ಲಿ ಬರೆದು ತೋರಿಸಿದೆ, ತಲೆಗೆ ಹೋಗಲಿಲ್ಲ. ಒಳಕೋಣೆಗೆ ಕರೆದೆ. ಮಗ, ಸೊಸೆಯ ಡಬಲ್ ಮಂಚವನ್ನು ತಿಂಗಳ ಹಿಂದಷ್ಟೇ ಕೊಟ್ಟುಬಿಟ್ಟಿದ್ದೆವು, ಅವಳಿಗೆ ಅದರ ಮೇಲೆ ಮಲಗಲಾಗುತ್ತಿರಲಿಲ್ಲ. ಮಂಚ ಇದ್ದಷ್ಟು ಜಾಗದ ಟೈಲ್ಸ್ ಮಾತ್ರ ಸವೆಯದೆ ಹೊಸದರಂತೆ ಹೊಳೆಯುತ್ತಿದ್ದವು. ಜಿರಳೆಗೆಂದು ತಂದ ಚಾಕ್‌ಪೀಸಿನಿಂದ ಅದರ ಸುತ್ತ ಗೆರೆ ಎಳೆದೆ. ಈ ಬದಿ ಎಣಿಸು, ಆ ಬದಿ ಎಣಿಸು. ಎರಡೂ ಬದಿ ಒಂಬತ್ತು. "ಈ ಒಂಬತ್ತು, ಆ ಒಂಬತ್ತು ಸೇರಿಸಿದರೆ ಹದಿನೆಂಟು. ಆದರೆ ಒಳಗೆಲ್ಲ ಟೈಲ್ಸ್ ಉಂಟಲ್ಲ? ಅದೇ ಸ್ಕ್ವೇರ್. ಇನ್ನು ಒಳಗಿನದ್ದು ಒಟ್ಟು ಇಷ್ಟು ಅಂತ ನಾನು ಹೇಳಿದರೆ, ಒಂದು ಬದಿ ಎಷ್ಟು ಅಂತ ನೀನು ಹೇಳುದು ಸ್ಕ್ವೇರ್ ರೂಟ್."

ಅವಳು ಮಂಡಿಯೂರಿ ಒಂದೊಂದನ್ನೇ ಬೆರಳಿನಿಂದ ಮುಟ್ಟಿ ಎಣಿಸುತ್ತ ಹೋದಳು. "ಎಂಬತ್ತೊಂದು." ಅಂದವಳು ಅಲ್ಲೇ ಕೂತಳು. ಎಷ್ಟು ಹೊತ್ತಾದರೂ ಏಳಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಅವಳೇ ಒದ್ದೆ ಬಟ್ಟೆ ತಂದು ಚಾಕ್ ಒರೆಸಿದಳು.

ಡೊಂಬಿವಲಿಯಿಂದ ನನ್ನ ಗಂಡನ ಅಕ್ಕ ಬಂದಾಗ ಇದು ನಡೆಯುತ್ತಿದ್ದುದನ್ನು ಕಂಡು ನಕ್ಕರು. "ಕಲಿಸು, ಕಲಿಸು. ರೆಕ್ಕೆ ನೀನೇ ಕಟ್ಟಿಕೊಡು. ನಾಳೆ ನಿನಗೆ ಗಂಜಿ ಕಾಸಿಕೊಡುದು ಯಾರು, ನಿನ್ನ ಸ್ಕ್ವೇರ್ ರೂಟಾ?"

ಅವರು ಹೋದ ಮೇಲೆ ಐವತ್ತರ ರೂಟ್ ತೆಗೆಯುತ್ತಿದ್ದೆವು. ಅವಳು ಅದೇ ಟೈಲ್ಸ್ ನೋಡುತ್ತ, "ಏಳು ಏಳ್ಲಿ ನಲವತ್ತೊಂಬತ್ತು. ಅತ್ತೆ, ಒಂದು ಟೈಲ್ ಉಳೀತಲ್ಲ?"

"ಅದನ್ನು ಚೂರು ಮಾಡಿ ಎರಡು ಬದಿಗೆ ಅಂಟಿಸ್ತಾ ಹೋಗ್ಬೇಕು. ಏಳಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಷ್ಟು ಚೂರು ಮಾಡಿದರೂ ಪೂರ್ತಿ ಸರಿಹೋಗುದಿಲ್ಲ. ಪರ್ಫೆಕ್ಟ್ ಸ್ಕ್ವೇರ್ ಅಲ್ಲ ಅದು."

"ಇಷ್ಟೆಲ್ಲ ಯಾಕೆ? ಡೊಂಬಿವಲಿ ಅತ್ತೆಗೆ ಕೊಡುವಾ. ಬಾಯಿಗೆ ಇಟ್ಕೊಳ್ಳಲಿ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವನು ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು.

ಅವಳು ಪಾಸಾಗಲಿ ಎಂದು ದೇವರಿಗೆ ದೀಪ ಹಚ್ಚಿದೆ. ಪೋಸ್ಟಿಂಗ್ ಇಲ್ಲೇ ಎಲ್ಲಾದರೂ ಆಗಲಿ, ವಾಶಿಯೋ ಬೇಲಾಪುರವೋ, ಎಂದೂ ಬೇಡಿಕೊಂಡೆ. ಮೊದಲನೆಯದು ನಡೆಯಿತು. ಎರಡನೆಯದು ನಾಂದೇಡ್ ಆಯಿತು. "ನೀವೂ ಬನ್ನಿ ಅತ್ತೆ" ಅಂದಳು. ಅಲ್ಲಿ ಬಾಡಿಗೆ ಕೋಣೆ, ಮೂವರು ಹುಡುಗಿಯರ ಜೊತೆ. ನಾನೆಲ್ಲಿ ಹೋಗಲಿ? ಮೊದಲು ದಿನಾ ಫೋನ್ ಬರುತ್ತಿತ್ತು, ಆಮೇಲೆ ಭಾನುವಾರ ಮಾತ್ರ. ಒಂದು ಭಾನುವಾರ ತಡವರಿಸಿದಳು. ಬ್ರಾಂಚಿನಲ್ಲೇ ಒಬ್ಬರು ಮದುವೆಗೆ ಕೇಳಿದ್ದಾರಂತೆ. "ನೀವು ಬೇಡ ಅಂದರೆ ಬೇಡ."

"ನಿನಗೆ ಇಷ್ಟ ಉಂಟಾ?"

"ಉಂಟು."

"ಹಾಗಾದ್ರೆ ನನ್ನನ್ನು ಎಂತಕ್ಕೆ ಕೇಳುದು?" ಅಂದೆ. ಫೋನ್ ಇಟ್ಟ ಮೇಲೆ ಆ ದಿನ ಅಡುಗೆ ಮಾಡಲಿಲ್ಲ.

ಅವಳನ್ನು ಕಡೆಯದಾಗಿ ನೋಡಿದ್ದು ಮಾಜಿವಾಡಾದ ಬಸ್ ಸ್ಟಾಪಿನಲ್ಲಿ. ಠಾಣೆಗೆ ಯಾರದೋ ಮದುವೆಗೆ ಬಂದಿದ್ದರು, ಸಂಜೆ ಅಲ್ಲಿಂದಲೇ ನಾಂದೇಡ್ ಬಸ್ಸು. ಫೋನ್ ಮಾಡಿದ್ದಳು. ಕೋಡುಬಳೆ ಡಬ್ಬಿ ಹಿಡಿದು ಹೋದೆ. ಮೈತುಂಬಿ ನಿಂತಿದ್ದಳು, ಏಳನೆಯ ತಿಂಗಳಿರಬೇಕು. ಜೊತೆಗೆ ಗಂಡ, ಹಸಿರು ಒಂಬತ್ತುಗಜದ ಸೀರೆಯುಟ್ಟ ಅವನ ತಾಯಿ. ಆಕೆ ನನ್ನನ್ನು ನೋಡಿ, ಯಾರು ಎಂಬಂತೆ ಸೊಸೆಯ ಮುಖ ನೋಡಿದರು.

"ಆಈ, ಯಾ ಮಾಝ್ಯಾ ಗಣಿತಾಚ್ಯಾ ಬಾಈ" ಅಂದಳು ಅವಳು. ನನ್ನ ಲೆಕ್ಕದ ಟೀಚರು.

ಗಂಡ ನೆಲ ನೋಡಿದ. ಮೊದಲ ಮದುವೆಯ ವಿಷಯ ಆ ತಾಯಿಗೆ ತಿಳಿಸಿಯೇ ಇಲ್ಲ ಎಂದು ನನಗೆ ಹೊಳೆದದ್ದು ಆಗ. ಡಬ್ಬಿಯ ಕೆಳಗೆ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದದ್ದು ಬಿಡಲೇ ಇಲ್ಲ, ಬಳೆ ಒತ್ತಿ ನೋಯುತ್ತಿತ್ತು. ಆ ತಾಯಿ ಕೈಮುಗಿದರು. ನಾನೂ ಮುಗಿಯಬೇಕಿತ್ತು, ಅದಕ್ಕೆ ಕೈ ಬಿಡಿಸಿಕೊಂಡೆ.

"ಖೂಪ್ ಹುಷಾರ್ ಮುಲಗೀ" ಅಂದೆ, ಟೀಚರುಗಳು ಹೇಳುವ ಹಾಗೆ. ತುಂಬ ಬುದ್ಧಿವಂತ ಹುಡುಗಿ.

ಕಂಡಕ್ಟರ್ ಕೂಗಿದ. ಅವಳಿಗೆ ಸಿಕ್ಕಿದ್ದು ಆ ಬದಿಯ ಸೀಟು. ಬಸ್ಸು ಹೊರಡುವಾಗ ನನಗೆ ಕಂಡದ್ದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವಳ ಅತ್ತೆ ಮಾತ್ರ.