ಹಗೇವಿನ ರಾಗಿ, ಶುಕ್ರವಾರದ ಹೊಸ್ತಿಲು

ಕರೋನಾ ಬಂದ ವರ್ಷ. ಹಜಾರದಲ್ಲಿ ಕುಳಿತು ತೊಗರಿಬೇಳೆಗೆ ಹರಳೆಣ್ಣೆ ಸವರುತ್ತಿದ್ದೆ. ಹಾಗೆ ಸವರಿ ಡಬ್ಬಿ ತುಂಬಿಟ್ಟರೆ ವರ್ಷವಾದರೂ ಹುಳ ಬೀಳುವುದಿಲ್ಲ. ಇಳಿಬಿಸಿಲು ಮೊರದ ಮೇಲೆ ಬಿದ್ದು ಒಂದೊಂದು ಬೇಳೆಯೂ ಸಣ್ಣ ದೀಪದಂತೆ ಹೊಳೆಯುತ್ತಿತ್ತು. ಕೈ ತನ್ನಷ್ಟಕ್ಕೆ ಆಡುತ್ತಿತ್ತು, ಮನಸ್ಸು ಎಲ್ಲೋ ತೇಲುತ್ತಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ಹೊಳಲ್ಕೆರೆಯಿಂದ ಖಾಲಿ ಚೀಲ ಹಿಡಿದು ಬಂದರು. ಬಸ್ಸು, ಅಂಗಡಿ ಎಲ್ಲ ಬಂದ್, ಮತ್ತೆ ಯಾವಾಗ ತೆಗೆಯುತ್ತಾರೋ ಯಾರಿಗೂ ಗೊತ್ತಿಲ್ಲ ಅಂದರು.

ನನಗೆ ಮೊದಲು ನೆನಪಾದದ್ದು ಹಿತ್ತಲಿನ ಹಗೇವು. ನೆಲದೊಳಗೆ ತೋಡಿದ ಆ ಕಣಜಕ್ಕೆ ಅತ್ತೆ ಪ್ರತಿ ಸುಗ್ಗಿಗೂ ರಾಗಿ ತುಂಬಿಸಿ, ಮೇಲೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಮುಚ್ಚಿಸಿ ಮಣ್ಣು ಮೆತ್ತಿಸುತ್ತಾರೆ. ತೆಗೆದಾಗ ಒಳಗಿನಿಂದ ಬೆಚ್ಚನೆಯ ಉಸಿರು ಬರುತ್ತದೆ. ಉಸಿರುಗಟ್ಟೀತೆಂದು ಅದು ಆರುವ ತನಕ ಯಾರೂ ಇಳಿಯುವಂತಿಲ್ಲ. ಅದರ ಮೇಲೆ ಓಡಾಡುವಾಗೆಲ್ಲ, ಕೆಳಗೆ ಯಾರೋ ಮಗ್ಗುಲು ಬದಲಿಸಿ ನಿದ್ದೆ ಹೋದಂತೆ ನನಗೆ ಅನಿಸುವುದುಂಟು. ಇಷ್ಟಾದರೂ ಇಟ್ಟಿದ್ದೀಯಲ್ಲ ಶಿವನೇ ಎಂದು ಎಣ್ಣೆಗೈಯಲ್ಲೇ ಮುಗಿದೆ.

ದೀಪ ಹಚ್ಚಿದ ಮೇಲೆ ಕುರಿಯವರ ಹೆಂಗಸು ಬಂದಳು. ಯಲ್ಲದಕೆರೆ ಕಡೆಯವರು, ಗೊಬ್ಬರವಾಗಲೆಂದು ರಾತ್ರಿ ಹೊತ್ತು ನಮ್ಮ ಹೊಲದಲ್ಲಿ ಮಂದೆ ತರುಬಿ ನಿಲ್ಲಿಸುತ್ತಿದ್ದರು. ಅದಕ್ಕೆ ಕೂಲಿ ರಾಗಿಯೇ, ಹೊರಡುವ ದಿನ ಅಳೆದು ಕೊಡುವುದು ವಾಡಿಕೆ.

"ಅಕ್ಕಾರೆ, ಹಿಟ್ಟಿನ ಚೀಲ ಖಾಲಿಯಾಗೈತೆ. ಅಂಗ್ಡಿ ನೋಡಿದ್ರೆ ಹಿಂಗೆ. ನಮ್ಮ ರಾಗಿ ಈಗ್ಲೇ ಕೊಟ್ಬಿಡ್ರಿ, ಹಿಟ್ಟಾದ್ರೂ ಸರಿ. ಮಕ್ಳು ಬೆಳಿಗ್ಗೆಯಿಂದ ಬರೀ ಮೇಕೆ ಹಾಲಲ್ಲೇ ಅವೆ."

ನಾನು ಅತ್ತೆಯ ಮುಖ ನೋಡಿದೆ. ಶುಕ್ರವಾರ ದೀಪ ಹಚ್ಚಿದ ಮೇಲೆ ನಮ್ಮ ಮನೆಯಿಂದ ಕಾಳಾಗಲಿ ಹಿಟ್ಟಾಗಲಿ ಹೊರಗೆ ಹೋಗುವುದಿಲ್ಲ, ಜೊತೆಗೆ ಲಕ್ಷ್ಮಿಯೂ ಹೊರಟುಬಿಡುತ್ತಾಳೆ ಎಂಬ ನಂಬಿಕೆ. ನಾನೂ ಅದನ್ನು ನಂಬಿದವಳೇ. ಆದರೆ ಆ ಮಕ್ಕಳು ಹಸಿದು ಮಲಗಬೇಕೇ?

"ಶುಕ್ರವಾರ ಕಣವ್ವ," ಅಂದರು ಅತ್ತೆ. "ಕಾಳು ಹೊಸ್ತಿಲು ದಾಟಂಗಿಲ್ಲ."

"ನಿಮ್ಮ ಲಕ್ಷ್ಮಿ ನಿಮ್ಮನೇಲೇ ಇರ್ಲಿ ಬಿಡ್ರಿ ಅವ್ವಾರೆ. ಕುರಿ ಕಾಯಾಕೆ ನಮ್ಮ ಹಿಂದೆ ಅವ್ಳೇನು ಬರ್ತಾಳಾ?"

ಅತ್ತೆಗೆ ನಗು ತಡೆಯಲಾಗಲಿಲ್ಲ. "ಬಾಯಿ ನೋಡು ಇವ್ಳದು. ಕಾಳು ದಾಟಂಗಿಲ್ಲ ಅಂದೆ, ಮುದ್ದೆ ದಾಟಂಗಿಲ್ಲ ಅಂದ್ನಾ? ಕುಂತ್ಕ." ನನ್ನ ಕಡೆ ತಿರುಗಿ, "ಎಸರಿಡು, ದೊಡ್ಡ ಪಾತ್ರೆಗೆ" ಅಂದರು.

ಮುದ್ದೆ ತೊಳಸುವಾಗ ಆವಿ ಅಡುಗೆಮನೆ ತುಂಬಿತು. ಅದರಾಚೆ ಕುಳಿತ ಅವರಿಬ್ಬರ ಮುಖ ಮಸುಕಾಗಿ, ಯಾರು ಯಾರೆಂದು ಒಂದು ಗಳಿಗೆ ತಿಳಿಯಲಿಲ್ಲ. ಬಿಸಿ ಮುದ್ದೆ, ಹುರುಳಿ ಸಾರು ಹೊತ್ತುಕೊಂಡು ಅವಳು ಹೊಲದ ಕಡೆ ಇಳಿದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಕ್ಕಳ ನಗು ಕುರಿಗಳ ದನಿಯ ಜೊತೆ ಕಲೆತು ತೇಲಿ ಬಂತು.

"ಬೆಳಿಗ್ಗೆ ಹಗೇವು ತೆಗ್ಸಾಣ. ಅವ್ರ ಪಾಲು ಮೊದ್ಲು" ಅಂದರು ಅತ್ತೆ.

ನಾನು ದೇವರ ದೀಪಕ್ಕೆ ಎಣ್ಣೆ ಹೊಯ್ದು, ಮೊರ ಎಳೆದುಕೊಂಡು ಉಳಿದ ಬೇಳೆಗೆ ಎಣ್ಣೆ ಸವರತೊಡಗಿದೆ.