ಪೂರ್ವಕ್ಕೆ ಮಾರಿ ಮಾಡಿ

ಇವತ್ತು ಬೆಳಿಗ್ಗೆ ಬಾಜೂ ಮನೆಯವರು ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವಿದ್ದರು. ನಾನು ಕಿಟಕಿ ತೆರೆದದ್ದೇ ತಡ, ಒಂದರ ಬೆನ್ನಿಗೆ ಒಂದು ಸೀನು ಬಂದವು. ಮೂಗು ಒರೆಸಿಕೊಂಡು ಸುಮ್ಮನೆ ನಿಂತೆ, ಯಾರಾದರೂ ಏನಾದರೂ ಅಂದಾರೇನೋ ಎಂಬಂತೆ. ಹುಬ್ಬಳ್ಳಿಯ ಈ ಮನೆಯಲ್ಲಿ ನನ್ನ ಸೀನಿಗೆ ಯಾರೂ ಏನೂ ಅನ್ನುವುದಿಲ್ಲ. ಯರಗುಪ್ಪಿಯ ನಮ್ಮ ಪಡಸಾಲೆಯಲ್ಲಿ ಅನ್ನುವವರು ಇಬ್ಬರಿದ್ದರು.

ಒಬ್ಬಳು ನನ್ನ ಆಯಿ, ಅಪ್ಪನ ತಾಯಿ ಬಸಲಿಂಗವ್ವ. ಇನ್ನೊಬ್ಬಳು ಹಿಂದಿನ ಓಣಿಯ ಹುಸೇನಬಿ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಊರಿಗೆ ಬಂದವರು. ಮೆಣಸಿನಕಾಯಿ ಕಾಲದಲ್ಲಿ ಎದುರುಬದುರು ಕೂತು ತೊಟ್ಟು ಮುರಿಯುತ್ತಿದ್ದರು. ಆ ಘಾಟಿಗೆ ಯಾರು ಸೀನಿದರೂ ಆಯಿ "ಶಿವ ಶಿವಾ" ಅನ್ನುವಳು, ಹುಸೇನಬಿ "ಅಲ್ಲಾ ರಹಮ ಮಾಡ್ಲಿ" ಅನ್ನುವಳು. ಸೀನುವಾಗ ಜೀವ ಮೂಗಿನ ತುದಿಗೆ ಬಂದು ತಿರುಗಿ ಒಳಗೆ ಹೋಗುತ್ತದೆ ಎಂಬಲ್ಲಿಯವರೆಗೆ ಇಬ್ಬರದೂ ಒಂದೇ ಮತ. ಮೂಗು ದಾಟಿ ಹೊರಗೆ ಹೋದ ಜೀವ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ ತಕರಾರು ಶುರು.

ತಕರಾರು ಎಬ್ಬಿಸಿದವಳು ನಾನೇ. ಆಗ ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಆತ್ಮದ ಬಗ್ಗೆ ಬೇರೆ ಬೇರೆ ಮತಗಳು ಏನೆನ್ನುತ್ತವೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದವಳಿಗೆ, ರಜೆಯಲ್ಲಿ ಇಬ್ಬರು ಮುದುಕಿಯರು ಪುಕ್ಕಟೆ ಸಿಕ್ಕಿದ್ದರು.

"ಸತ್ತ ಮ್ಯಾಲ ಎಲ್ಲಿ ಹೋಗ್ತೀರಿ ಬೇ?" ಎಂದು ಕೇಳಿದೆ.

"ಎಲ್ಲಿ ಹೋಗೂದೈತಿ? ಸಾರಿಗೆ ಹಾಕಿದ ಉಪ್ಪು ಎಲ್ಲಿ ಹೋಗತೈತಿ?" ಅಂದಳು ಆಯಿ, ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಳ್ಳುತ್ತ. "ಹಂಗ ಇದರಾಗ ಕರಗೂದು. ತಿರುಗಿ ಹುಟ್ಟೂದೂ ಇಲ್ಲ, ಕಾಯೂದೂ ಇಲ್ಲ."

"ನಾವು ಹಂಗ ಕರಗೂ ಪೈಕಿ ಅಲ್ಲವಾ," ಅಂದಳು ಹುಸೇನಬಿ. "ನಮ್ಮ ಜೀವ, ರೂಹು ಅಂತೀವಿ, ಅದು ಕಾಯ್ತಿರತೈತಿ. ಕಯಾಮತ್ ದಿನ ಗೋರಿಯಿಂದ ಎಲ್ಲಾರ್ನೂ ಎಬ್ಬಸ್ತಾರ. ನಾ ಹುಸೇನಬಿನ ಆಗಿ ಏಳ್ತೀನಿ."

"ಈ ಮಂಡಿನೋವು ತಗೊಂಡ ಏಳ್ತೀ ಏನ?"

"ಅದನ್ನ ನಿನಗ ಬಿಟ್ಟ ಹೋಗ್ತೀನಿ, ಇಟ್ಕೊ."

ನಾನು ಸುಮ್ಮನಿರಲಾರದೆ ನನ್ನ ಪಾಠವನ್ನೂ ಒಪ್ಪಿಸಿದೆ. ಜೈನರ ಪ್ರಕಾರ ಇರುವೆಗೂ ಅದರದೇ ಒಂದು ಜೀವವಿದೆ, ಅಂಟಿದ ಕರ್ಮ ಕಳಚಿದರೆ ಅದು ಹಗುರಾಗಿ ಮೇಲೇರುತ್ತದೆ ಅಂದೆ. ವೈದಿಕರಲ್ಲಿ ಮೈಯಿಂದ ಮೈಗೆ ಹೋಗುತ್ತದೆ ಅಂದೆ. ಬೌದ್ಧರು ಮಾತ್ರ, ಹುಡುಕಿ ನೋಡಿದರೆ ಆತ್ಮ ಎಂಬ ಗಟ್ಟಿ ವಸ್ತುವೇ ಸಿಗುವುದಿಲ್ಲ ಅನ್ನುತ್ತಾರೆ ಅಂದೆ.

"ಒಳಗ ಯಾರೂ ಇಲ್ಲಂತಾರ?" ಆಯಿ ಕಣ್ಣು ಕಿರಿದು ಮಾಡಿದಳು. "ಹಂಗಾರ ಈಗ ಝುಣಕಾ ಹಚ್ಚಿಕೊಂಡು ಮೂರು ರೊಟ್ಟಿ ತಿಂದಾಕಿ ಯಾರಬೇ?"

ಇಬ್ಬರೂ ಕೈಗೆ ಖಾರವಿದ್ದದ್ದು ಮರೆತು ಕಣ್ಣೊರೆಸಿಕೊಂಡು, ಉರಿಗೆ ಬಾಯಿ ಮಾಡುತ್ತಲೇ ನಕ್ಕರು. ನಗು ನಿಂತ ಮೇಲೆ ಹುಸೇನಬಿ ಮೆಲ್ಲಗೆ ಕೇಳಿದಳು:

"ಅಲ್ಲ ಬಸಲಿಂಗಿ, ಆ ದಿನ ನಾ ಎದ್ದು ನಿನ್ನ ಹೆಸರ ಹಿಡದು ಕೂಗ್ತೀನಿ ಅಂತ ತಿಳಕೊ. ಓ ಅನ್ನಾಕ ನೀನ ಇರೂದಿಲ್ಲಲ್ಲ?"

ಆಯಿಯ ಕೈ ನಿಂತಿತು. ಯಾವ ಮಾತಿಗೂ ತಡವರಿಸದವಳು ಮತ್ತೊಂದು ಮೆಣಸಿನಕಾಯಿ ಎತ್ತಿಕೊಂಡಳು. ಆಮೇಲೆ ನಾನು ಎಷ್ಟೋ ಪುಸ್ತಕ ಓದಿದೆ. ಆತ್ಮದ ಬಗ್ಗೆ ಅದಕ್ಕಿಂತ ಕಷ್ಟದ ಪ್ರಶ್ನೆ ನನಗೆ ಸಿಕ್ಕಿಲ್ಲ.

ಇಲ್ಲಿ ನಮ್ಮೂರಿನ ಒಂದು ಸಂಗತಿ ಹೇಳಬೇಕು. ಹಳ್ಳದ ದಾರಿಯ ಪಶ್ಚಿಮಕ್ಕೆ ನಮ್ಮವರ ರುದ್ರಭೂಮಿ, ಪೂರ್ವಕ್ಕೆ ಖಬರಸ್ತಾನ. ನಡುವೆ ಒಂದು ಚಕ್ಕಡಿ ಹೋಗುವಷ್ಟು ದಾರಿ. ಅವರು ಮಣ್ಣಲ್ಲಿ ಮಲಗಿಸಿ ಮುಖವನ್ನು ಪಶ್ಚಿಮಕ್ಕೆ ತಿರುಗಿಸುತ್ತಾರೆ. ನಾವು ಲಿಂಗವನ್ನು ಅಂಗೈಯಲ್ಲಿಟ್ಟು ಕೂಡಿಸುತ್ತೇವೆ. ಕುಣಿಯ ಒಂದು ಗೋಡೆಯಲ್ಲಿ ಕೊರೆದ ಗವಿಯೊಳಗೆ. ಉತ್ತರಕ್ಕೆ ಮುಖ ಮಾಡುವವರಿದ್ದಾರೆ, ಪೂರ್ವಕ್ಕೆ ಮಾಡುವವರಿದ್ದಾರೆ. ನಮ್ಮ ಮನೆತನದಲ್ಲಿ ಉತ್ತರ.

ಅದೇ ಪಡಸಾಲೆಯಲ್ಲಿ ಇನ್ನೊಂದು ದಿನ ಆಯಿ, "ನನ್ನ ಪೂರ್ವಕ್ಕ ಮಾರಿ ಮಾಡಿ ಕೂಡಸ್ರಿ" ಅಂದದ್ದು ನನಗೆ ಸ್ವಚ್ಛ ನೆನಪಿತ್ತು. ಅಂದಾಗ ಅವಳ ಬಾಯಲ್ಲಿದ್ದ ಎಲೆಅಡಿಕೆ ಕೂಡ ನೆನಪಿತ್ತು. ಆದರೆ ಓದುಗರೇ, ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ. ಖಾಲಿ ಜಾಗ ಕಂಡಲ್ಲಿ ಅದು ತಾನೇ ಸಾಮಾನು ತಂದಿಟ್ಟುಬಿಡುತ್ತದೆ. ಆ ಕಾಲದಲ್ಲಿ ದಿನಚರಿ ಬರೆಯುತ್ತಿದ್ದೆ; ಅದರ ತುಂಬ ಹಾಸ್ಟೆಲ್ಲಿನ ಊಟದ ದೂರುಗಳಿವೆ. ಇದರ ಒಂದು ಸಾಲಿಲ್ಲ.

ಆಯಿ ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ನಮ್ಮ ಕರಿಮಣ್ಣು ಮಳೆಗಾಲದಲ್ಲಿ ಬೆಣ್ಣೆ, ಬೇಸಿಗೆಯಲ್ಲಿ ಕಲ್ಲು. ಕುಣಿ ತೆಗೆಯುವವರು ಬೆಳಗಿನಿಂದ ಹಾರೆ ಹಾಕಿ, ಉತ್ತರಕ್ಕೆ ಮುಖ ಬರುವಂತೆ ಗವಿ ಕೊರೆಯಲು ತೊಡಗಿದ್ದರು. ನಾನು ಅಪ್ಪನ ತಮ್ಮ ಕಾಕಾನ ಹತ್ತಿರ ಹೋಗಿ ಆಯಿಯ ಮಾತು ಹೇಳಿದೆ.

"ಪೂರ್ವಕ್ಕ? ಈಗ ಹೇಳ್ತೀಯಲ್ಲಲೇ!" ಕಾಕಾ ಬೆವರೊರೆಸಿಕೊಂಡ. "ಐಕ್ಯ ಆದವರಿಗೆ ಪೂರ್ವ ಯಾವುದು, ಪಶ್ಚಿಮ ಯಾವುದು?"

ಶಾಸ್ತ್ರದ ಪ್ರಕಾರ ಕಾಕಾನ ಮಾತೇ ಸರಿ. ಕರಗಿದ ಉಪ್ಪಿಗೆ ಮುಖವೆಲ್ಲಿ? ಪರೀಕ್ಷೆಯಾಗಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಆದರೂ ಅಲ್ಲಿಂದ ಕದಲಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ನನ್ನನ್ನೇ ನೋಡಿ ಕೇಳಿದರು: "ಆಕಿ ಹೇಳಿದ್ದು ನೀನ ಕಿವಿಯಾರ ಕೇಳೀ ಏನವಾ?"

"ಹೌದ್ರಿ."

"ಹಂಗಾರ ಪೂರ್ವಕ್ಕ ಮಾಡ್ರೆಪಾ. ಅದಕ್ಕೂ ಅಡ್ಡಿ ಇಲ್ಲ."

ಹಾರೆ ಹಿಡಿದವರು ನನ್ನ ಓದಿಗೆ ನಾಲ್ಕು ಮಾತು ಬೈದು, ಇನ್ನೊಂದು ಗೋಡೆ ಕೊರೆದರು.

ಅಂದೇ ಮುಸ್ಸಂಜೆಗೆ ಹುಸೇನಬಿಯ ಮನೆಗೆ ಹೋದೆ. ಮಂಡಿನೋವಿಗೆ ಅವಳಿಂದ ಅಷ್ಟು ದೂರ ಬರಲಾಗಿರಲಿಲ್ಲ. ಹೊಸ್ತಿಲಲ್ಲಿ ಕೂತಿದ್ದಳು. ನಾನು ದೊಡ್ಡ ಕೆಲಸ ಮಾಡಿಬಂದವಳ ಹಾಗೆ ಎಲ್ಲ ಹೇಳಿದೆ.

"ಪೂರ್ವಕ್ಕ? ಹಂಗಂತ ಯಾರು ಹೇಳಿದ್ರು?"

"ಆಯಿನ ಹೇಳಿದ್ಲಲ್ಲ, ನಿಮ್ಮ ಮುಂದನ."

"ಆಕಿ ಎಲ್ಲಿ ಹೇಳಿದ್ಲವಾ? ಹೇಳಿದಾಕಿ ನಾನು. 'ನಾ ಪಶ್ಚಿಮಕ್ಕ ಮಾರಿ ಮಾಡಿ ಮಲಗ್ತೀನಿ, ನೀ ಪೂರ್ವಕ್ಕ ಕುಂದರ ಬೇ, ಕರಗೂತನಕ ಆದ್ರೂ ನೋಡ್ತಿರೂಣು' ಅಂದಿದ್ದೆ. ಆಕಿ 'ಹುಚ್ಚಿ' ಅಂದು ನಕ್ಕಳು. ಅಷ್ಟ."

ಬೇಡಿದವಳು ಒಬ್ಬಳು, ನಾನು ತಿರುಗಿಸಿ ಕೂಡಿಸಿದ್ದು ಇನ್ನೊಬ್ಬಳನ್ನು. ಅಥವಾ ಹುಸೇನಬಿಯ ನೆನಪೇ ತಪ್ಪಿರಬಹುದೆ? ನಮ್ಮಿಬ್ಬರ ನಡುವೆ ತೀರ್ಪು ಕೊಡಬೇಕಾದವಳು ಅಂದು ಮಧ್ಯಾಹ್ನವಷ್ಟೇ ಮಣ್ಣಿಗೆ ಹೋಗಿದ್ದಳು. ನಾನು ಏನೋ ಹೇಳಲು ಹೋದೆ. ಹುಸೇನಬಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು. ಆಮೇಲೆ ಅವಳ ಭುಜ ಅಲುಗುವುದು ಗೊತ್ತಾಯಿತು; ಅಳುತ್ತಿದ್ದಾಳೆಂದುಕೊಂಡೆ, ನಗುತ್ತಲೂ ಇದ್ದಳು.

"ನನಗ ಹುಚ್ಚಿ ಅಂದಾಕಿನ ಹೋಗಿ ಕುಂತ್ಲು ನೋಡು, ಈ ಕಡೆ ಮಾರಿ ಮಾಡಿ!"

ಹುಸೇನಬಿ ಹೋದದ್ದು ಈ ಚಳಿಗಾಲದಲ್ಲಿ. ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋದ ವಾರ ಊರಿಗೆ ಹೋದಾಗ ಕಾಕಾನನ್ನು ಕರೆದುಕೊಂಡು ಹಳ್ಳದ ದಾರಿಗೆ ಹೋದೆ. ಅವರಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ. ನಾನೂ ದಾರಿಯಲ್ಲೇ ನಿಂತೆ. ಅಂಚಿಗೆ ಹತ್ತಿರವೇ ಹೊಸ ಮಣ್ಣಿನ ದಿಬ್ಬ ಕಾಣುತ್ತಿತ್ತು. ಈಚೆ ರುದ್ರಭೂಮಿಯಲ್ಲಿ ಆಯಿಯ ಗದ್ದುಗೆ. ನೇರ ಎದುರುಬದುರು ಅಲ್ಲ, ಸ್ವಲ್ಪ ವಾರೆ. ಪಡಸಾಲೆಯಲ್ಲೂ ಅವರು ಕಂಬ ತಪ್ಪಿಸಿ ಹಾಗೇ ಕೂಡುತ್ತಿದ್ದರು.

ಆತ್ಮ ಇದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇವತ್ತಿಗೂ ಹೇಳಲು ಹಲವರ ಉತ್ತರಗಳಿವೆ, ನನ್ನದು ಅನ್ನುವುದು ಒಂದೂ ಇಲ್ಲ. ಒಬ್ಬಳು ಕರಗಿಹೋಗಿದ್ದಾಳೆ, ಒಬ್ಬಳು ಕಾಯುತ್ತಿದ್ದಾಳೆ. ಇಬ್ಬರ ಮಾತೂ ಸರಿಯಿದ್ದರೆ ಆ ಕೂಗಿಗೆ ಓಗೊಡುವವರಿಲ್ಲ. ಇದನ್ನೇ ಯೋಚಿಸುತ್ತ ನಿಂತವಳಿಗೆ, ನಾನು ಸರಿಯಾಗಿ ಇಬ್ಬರ ನಡುವೆ ಅಡ್ಡ ನಿಂತಿರುವುದು ಒಮ್ಮೆಲೇ ಹೊಳೆಯಿತು. ಥಟ್ಟನೆ ದಾರಿಯಂಚಿಗೆ ಸರಿದೆ.

"ಅಲ್ಲಿ ಯಾಕ ಹೋಗಿ ನಿಂತೆವಾ?" ಅಂದ ಕಾಕಾ. "ಬರೇ ಜಾಲಿಮುಳ್ಳು ಅದಾವು."

"ಇರ್ಲಿ ಬಿಡ ಕಾಕಾ," ಅಂದೆ. "ನೀನೂ ಒಂಚೂರು ಈ ಕಡೆ ಬಾ."