ಬಾಳಾಸಾಹೇಬರ ಕಬ್ಬಿಣದ ಬಳೆ

ಕುವೈತಿನಲ್ಲಿ ರೈಲೇ ಇಲ್ಲ, ನಾವು ಮಾತ್ರ ರೈಲಿನ ಕೆಲಸದವರು. ಸೌದಿ ಗಡಿಯ ಕಡೆಗೆ ಮುಂದೊಂದು ದಿನ ಒಂಟಿ ಹಳಿ ಹೋಗುತ್ತದಂತೆ. ಸದ್ಯಕ್ಕಿರುವುದು ಮರಳಿನ ನಡುವೆ ನಾಲ್ಕು ಕಿಲೋಮೀಟರ್ ಮಣ್ಣಿನ ಏರಿ, ಒಂದು ಟಿಪ್ಪರ್ ಹೋಗುವಷ್ಟೇ ಅಗಲ. ಮೊದಲೆಲ್ಲ ಎರಡು ಟಿಪ್ಪರ್ ನಟ್ಟನಡುವೆ ಎದುರುಬದುರಾಗಿ, ಯಾರು ಹಿಂದೆ ಸರಿಯಬೇಕೆಂದು ಐದು ಭಾಷೆಯಲ್ಲಿ ಬೈಗುಳ. ಸ್ಟೋರ್ ನೋಡಿಕೊಳ್ಳುವ ನನಗೆ ಅದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅದಕ್ಕೊಂದು ದಾರಿ ಮಾಡಿದವರು ಗೇಟಿನ ಬಾಳಾಸಾಹೇಬರು. ಪ್ರಾಯದಲ್ಲಿ ರಾಯಬಾಗದ ಕಡೆ ಸಣ್ಣ ರೈಲು ಸ್ಟೇಷನ್ನಿನಲ್ಲಿದ್ದವರು. ಅಲ್ಲಿ ಒಂದೇ ಹಳಿ, ಒಂದೇ ಬಳೆ; ಬಳೆ ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿರಲಿಲ್ಲ. ಇಲ್ಲಿಯೂ ವೆಲ್ಡಿಂಗಿನವನಿಂದ ಕಬ್ಬಿಣದ್ದೊಂದು ಬಳೆ ಮಾಡಿಸಿದರು. ಬಳೆ ಇದ್ದವನು ಏರಿ ಹತ್ತಬೇಕು, ಆಚೆ ತುದಿಯ ಗೇಟಿನಲ್ಲಿ ಅದನ್ನು ಒಪ್ಪಿಸಬೇಕು, ಉಳಿದವರು ಕಾಯಬೇಕು. ಡ್ರೈವರುಗಳ ಫೋನನ್ನೂ ಗೇಟಿನಲ್ಲೇ ಇಡಿಸಿದರು. ಏಳು ತಿಂಗಳು ಒಂದೇ ಒಂದು ಜಗಳವಿಲ್ಲ.

ಮೊನ್ನೆ ಮಧ್ಯಾಹ್ನ ಧೂಳಿನ ಗಾಳಿ ಎದ್ದು ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಬಾಳಾಸಾಹೇಬರು ಬಳೆಯನ್ನು ಮಗ ಪ್ರವೀಣನ ಕೈಗೆ ಕೊಟ್ಟರು. ಅವನ ಟಿಪ್ಪರ್ ಏರಿ ಹತ್ತಿತು. ಐದು ನಿಮಿಷವೂ ಆಗಿರಲಿಲ್ಲ, ಆಚೆ ತುದಿಯ ಗೇಟಿನಿಂದ ಯೂಜಿನ್ ಫೋನ್ ಮಾಡಿದ. ನೀರಿನ ಟ್ಯಾಂಕರ್ ಬಳೆ ತೆಗೆದುಕೊಂಡು ಹೊರಟಿದೆ, ಗೇಟು ತೆಗೆದಿಡಿ ಎಂದ.

ಬಾಳಾಸಾಹೇಬರು ಬಳೆ ತೂಗುಹಾಕುವ ಮೊಳೆ ನೋಡಿದರು, ತಮ್ಮ ಕೈ ನೋಡಿಕೊಂಡರು. "ನಾ ಪ್ರವೀಣಗ ಬಳಿ ಕೊಟ್ಟೇನೋ ಇಲ್ಲೋ? ನೀವು ನೋಡೀರೇನ್ರೀ?" ಎಂದು ನನ್ನನ್ನು ಕೇಳಿದರು.

ನೋಡಿದ್ದೆ. ಆದರೆ ಬಳೆ ಆಚೆ ಇದ್ದರೆ ಇಲ್ಲಿ ಕೊಟ್ಟದ್ದೇನು? ನಾನು ನೋಡಿದ್ದು ಇವತ್ತೋ ನಿನ್ನೆಯೋ? ತಲೆ ಕೆಟ್ಟು ಮಗನನ್ನು ಬರಿಗೈಯಲ್ಲಿ ಸಾಯಲು ಕಳಿಸಿದೆ ಎನ್ನುತ್ತ ಅವರು ಏರಿಯ ಮೇಲೆ ಓಡಿದರು. ನಾನೂ ಏದುಸಿರು ಬಿಡುತ್ತ ಹಿಂದೆ ಓಡಿದೆ.

ಒಂದು ಕಿಲೋಮೀಟರಿನ ಮೇಲೆ ಟಿಪ್ಪರೂ ಟ್ಯಾಂಕರೂ ಮೂತಿಗೆ ಮೂತಿ ಎದುರಾಗಿ ನಿಂತಿದ್ದವು, ನಡುವೆ ಒಂದು ಮಾರು ಜಾಗ. ಪ್ರವೀಣ ಕಿಟಕಿಯಿಂದ ಬಳೆ ಆಡಿಸುತ್ತಿದ್ದ. ಟ್ಯಾಂಕರಿನವನೂ ಆಡಿಸುತ್ತಿದ್ದ. ಇಬ್ಬರೂ ಎದುರಿನವನೇ ಕಳ್ಳನೆಂದು ಬೈಯುತ್ತಿದ್ದರು. ಬಾಳಾಸಾಹೇಬರು ಮಗನನ್ನು ಕೆಳಗಿಳಿಸಿ ಬೆನ್ನಿಗೆ ಎರಡು ಬಾರಿಸಿ, ಆಮೇಲೆ ತಬ್ಬಿಕೊಂಡು ಅತ್ತರು. ಬಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ತಮ್ಮದು ಯಾವುದೆಂದು ಅವರಿಗೂ ತಿಳಿಯಲಿಲ್ಲ.

ಇನ್ನೊಂದನ್ನು ಅದೇ ವೆಲ್ಡಿಂಗಿನವನಿಂದ ಮಾಡಿಸಿದವರು ನಮ್ಮ ಇಂಜಿನಿಯರ್ ಲೆಸ್ಟರ್. ಒಂದು ಬಳೆಗೆ ಇಷ್ಟು ಕೆಲಸವಾದರೆ ಎರಡಕ್ಕೆ ದುಪ್ಪಟ್ಟು ಎಂದು ಅವರ ಬುದ್ಧಿ. ಬೆಳಿಗ್ಗೆ ಅದನ್ನು ಯೂಜಿನ್ ಕೈಗೆ ಕೊಟ್ಟು, ಬಾಳಾಸಾಹೇಬರಿಗೆ ಹೇಳಲು ಮರೆತರಂತೆ! ನನ್ನ ಮೈಯೆಲ್ಲ ಉರಿದುಹೋಯಿತು.

ಸಂಜೆ ಲೆಸ್ಟರ್ ಅದೇ ಏರಿ ದಾಟಿ ಕ್ಯಾಂಪಿಗೆ ಹೋಗಬೇಕಿತ್ತು. ಧೂಳು ಇನ್ನೂ ಇಳಿದಿರಲಿಲ್ಲ. ಬಾಳಾಸಾಹೇಬರು ಎರಡೂ ಬಳೆಗಳನ್ನು ಕಾರಿನಲ್ಲಿ ಕೂತಿದ್ದ ಅವರ ತೊಡೆಯ ಮೇಲಿಟ್ಟರು. ಲೆಸ್ಟರ್ ಕಾರು ಶುರು ಮಾಡಿದರು, ಧೂಳನ್ನೇ ನೋಡಿದರು, ಆಫ್ ಮಾಡಿದರು.

"ವೆಲ್ಡಿಂಗಿನವ ಮೂರನೇದು ಎಂತಾದ್ರೂ ಮಾಡ್ಲಿಲ್ಲ ಅಲ್ವಾ, ಬಾಳಾಸಾಹೇಬ್ರೆ?"

"ಮಾಡಿಸಿದವರು ನೀವು. ನನ್ನ ಕೇಳಿದ್ರ ಹೆಂಗ್ರೀ?"